ಟ್ರೇಲರ್ ಎಳೆಯುವ ಗಾಡಿಗೆ ನಾನೇ ಗೇರ್‌ಬಾಕ್ಸ್ ಆಯಿಲ್ ಕೂಲರ್ ಕೂರಿಸಿದ್ದು

ಅರಿಜೋನಾದ ಫೀನಿಕ್ಸ್‌ನಿಂದ ಫ್ಲ್ಯಾಗ್‌ಸ್ಟಾಫ್‌ಗೆ ಐ-17 ಹೆದ್ದಾರಿಯಲ್ಲಿ ಸುಮಾರು 230 ಕಿಲೋಮೀಟರ್. ಅಷ್ಟರಲ್ಲೇ ರಸ್ತೆ 330 ಮೀಟರ್ ಎತ್ತರದಿಂದ 2,100 ಮೀಟರ್‌ಗೆ ಹತ್ತುತ್ತದೆ. ಬೇಸಿಗೆಯಲ್ಲಿ ಕೆಳಗೆ 43 ಡಿಗ್ರಿ ಸೆಲ್ಸಿಯಸ್ ಅಂದರೆ ಮಾಮೂಲು. ಆ ಬಿಸಿಲಿನಿಂದ ತಪ್ಪಿಸಿಕೊಳ್ಳಲು ಟ್ರೇಲರ್ ಕಟ್ಟಿಕೊಂಡು ಮೇಲಿನ ಪೈನ್ ಕಾಡಿಗೆ ಹೋಗುವುದು ನಮ್ಮ ಮನೆಯವರಿಗೆಲ್ಲ ಇಷ್ಟ. ಟ್ರೇಲರ್ ತುಂಬಿದರೆ ಸುಮಾರು 4,000 ಪೌಂಡ್ (1,800 ಕಿಲೋ). ಗಾಡಿ ಹಳೆಯ ಆಟೋಮ್ಯಾಟಿಕ್ ಎಸ್‌ಯುವಿ. ಅದರ ಗೇರ್‌ಬಾಕ್ಸ್ ಆಯಿಲ್ ತಣ್ಣಗಾಗುತ್ತಿದ್ದದ್ದು ರೇಡಿಯೇಟರ್‌ನ ಒಳಗಿರುವ ಸಣ್ಣ ಕೂಲರ್‌ನಲ್ಲಿ ಮಾತ್ರ.

ಡ್ಯಾಶ್‌ಬೋರ್ಡ್‌ನ ಮುಳ್ಳು ನೋಡಿ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ. ಅದು ತೋರಿಸುವುದು ಎಂಜಿನ್ ಕೂಲೆಂಟ್‌ನ ಬಿಸಿಯನ್ನು, ಗೇರ್‌ಬಾಕ್ಸ್‌ನದ್ದಲ್ಲ. ಹಾಗಾಗಿ ಮೊದಲು ಗಾಡಿಯ ಕಂಪ್ಯೂಟರ್‌ನ ಮಾಹಿತಿ ಓದಲು ಇರುವ ಒಬಿಡಿ ಸಾಕೆಟ್‌ಗೆ ಬ್ಲೂಟೂತ್ ರೀಡರ್ ಚುಚ್ಚಿ, ಫೋನ್‌ನಲ್ಲಿ ಟ್ರಾನ್ಸ್‌ಮಿಷನ್ ಆಯಿಲ್‌ನ, ಅಂದರೆ ಗೇರ್‌ಬಾಕ್ಸ್ ಆಯಿಲ್‌ನ ಬಿಸಿ ನೋಡುತ್ತಾ ಹೋದೆ. ಸಪಾಟು ರಸ್ತೆಯಲ್ಲಿ 90 ಡಿಗ್ರಿ ಸೆಲ್ಸಿಯಸ್ ಹತ್ತಿರ ಇತ್ತು. ಬ್ಲ್ಯಾಕ್ ಕ್ಯಾನ್ಯನ್ ಸಿಟಿ ದಾಟಿ ಸನ್‌ಸೆಟ್ ಪಾಯಿಂಟ್ ಏರು ಶುರುವಾದ ಮೇಲೆ ನೋಡನೋಡುತ್ತಿದ್ದಂತೆ 118 ಮುಟ್ಟಿತು.

ಕಾರಣ ಟಾರ್ಕ್ ಕನ್ವರ್ಟರ್, ಅಂದರೆ ಎಂಜಿನ್‌ನ ಬಲವನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ. ಸಮತಟ್ಟಿನಲ್ಲಿ ಅದು ಲಾಕ್ ಆಗಿ, ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದಾಗಿ ತಿರುಗುತ್ತವೆ. ಭಾರ ಎಳೆದುಕೊಂಡು ಏರು ಹತ್ತುವಾಗ ಲಾಕ್ ಬಿಡುತ್ತದೆ. ಆಗ ಬಲವೆಲ್ಲ ಆಯಿಲ್‌ನ ಮೂಲಕವೇ ದಾಟಬೇಕು. ಒಳಗೆ ಆಯಿಲ್ ಕಲಕಿ ಕಲಕಿ ಕಾಯುತ್ತದೆ. ಬಿಸಿ ಸುಮಾರು 11 ಡಿಗ್ರಿ ಏರಿದಾಗಲೆಲ್ಲ ಆಯಿಲ್‌ನ ಆಯಸ್ಸು ಅರ್ಧಕ್ಕಿಳಿಯುತ್ತದೆ ಅನ್ನುವುದು ಮೆಕ್ಯಾನಿಕ್‌ಗಳ ಲೆಕ್ಕ.

ಕೂಲರ್‌ಗಳಲ್ಲಿ ಅಗ್ಗದ್ದು ಅಂದರೆ ಟ್ಯೂಬ್‌ಗೆ ತೆಳು ಲೋಹದ ರೆಕ್ಕೆ ಅಂಟಿಸಿದ್ದು. ನಾನು ತಗೊಂಡದ್ದು ತೆಳು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಟ್ಯಾಕ್ಡ್ ಪ್ಲೇಟ್ ಬಗೆಯದ್ದು. ಅಷ್ಟೇ ಜಾಗದಲ್ಲಿ ಅದು ಜಾಸ್ತಿ ಬಿಸಿ ಹೊರಹಾಕುತ್ತದೆ. ರೇಡಿಯೇಟರ್‌ನ ಒಳಗಿನ ಕೂಲರ್ ತೆಗೆದುಬಿಡಿ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಫ್ಲ್ಯಾಗ್‌ಸ್ಟಾಫ್‌ನಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ. ಆಗ ತಣ್ಣಗೆ ಗಟ್ಟಿಯಾದ ಆಯಿಲನ್ನು ಬೇಗ ಬೆಚ್ಚಗೆ ಮಾಡುವುದೂ ಅದೇ ಕೂಲರ್. ರೇಡಿಯೇಟರ್ ತೀರಾ ಹಳೆಯದಾಗಿದ್ದರೆ ಅದನ್ನೇ ಹೊಸದು ಹಾಕಿಸಿ. ಒಳಗೆ ಬಿರುಕು ಬಿಟ್ಟರೆ ಕೂಲೆಂಟ್ ಗೇರ್‌ಬಾಕ್ಸ್‌ಗೆ ನುಗ್ಗಿ ಆಯಿಲ್ ಸ್ಟ್ರಾಬೆರಿ ಮಿಲ್ಕ್‌ಶೇಕ್ ಆಗುತ್ತದೆ. ಆಮೇಲೆ ಗೇರ್‌ಬಾಕ್ಸ್ ಉಳಿಯುವುದು ಕಷ್ಟ.

ಹೊಸ ಕೂಲರ್ ರಿಟರ್ನ್ ಲೈನ್‌ನಲ್ಲೇ ಬರಬೇಕು. ಆಯಿಲ್ ಗೇರ್‌ಬಾಕ್ಸ್‌ನಿಂದ ರೇಡಿಯೇಟರ್‌ಗೆ, ಅಲ್ಲಿಂದ ಹೊಸ ಕೂಲರ್‌ಗೆ, ಆಮೇಲೆ ವಾಪಸ್ ಗೇರ್‌ಬಾಕ್ಸ್‌ಗೆ. ಎರಡು ಪೈಪ್‌ಗಳಲ್ಲಿ ರಿಟರ್ನ್ ಯಾವುದು ಅಂತ ಪತ್ತೆ ಮಾಡುವುದು ಸುಲಭ. ತಣ್ಣಗಿರುವ ಗಾಡಿ ಸ್ಟಾರ್ಟ್ ಮಾಡಿ ಎರಡನ್ನೂ ಮುಟ್ಟುತ್ತಿರಿ. ಮೊದಲು ಬೆಚ್ಚಗಾಗುವುದು ಗೇರ್‌ಬಾಕ್ಸ್‌ನಿಂದ ಹೊರಬರುವ ಪೈಪ್. ಇನ್ನೊಂದು ರಿಟರ್ನ್. ಫ್ಯಾನ್‌ನಿಂದ ಕೈ ದೂರ ಇರಲಿ. ನನ್ನ ಗಾಡಿಯಲ್ಲಿ ರೇಡಿಯೇಟರ್‌ನಿಂದ ಹೊರಬರುವ ಕಡೆ ಒಂದು ಗೇಣು ರಬ್ಬರ್ ಹೋಸ್ ಇತ್ತು. ಅದನ್ನು ಕಳಚಿ, ಆ ಎರಡು ತುದಿಗಳಿಂದಲೇ ಹೊಸ ಹೋಸ್ ಎಳೆದೆ. ಸ್ಟೀಲ್ ಪೈಪ್ ಕತ್ತರಿಸುವ ಕೆಲಸವೇ ಬರಲಿಲ್ಲ.

ಹೋಸ್ ವಿಷಯದಲ್ಲಿ ಚೌಕಾಶಿ ಬೇಡ. ಮೇಲೆ ಎಸ್‌ಎಇ ಜೆ1532 ಅಂತ ಅಚ್ಚಾಗಿರಬೇಕು. ಅದು ಟ್ರಾನ್ಸ್‌ಮಿಷನ್ ಕೂಲರ್‌ಗೆಂದೇ ಮಾಡಿದ್ದು. ಸಾದಾ ಪೆಟ್ರೋಲ್ ಹೋಸ್ ಬಿಸಿ ಆಯಿಲ್‌ಗೆ ಬಾಳುವುದಿಲ್ಲ. ತಿರುವುಗಳು ಅಗಲವಾಗಿರಲಿ, ಹೋಸ್ ಎಲ್ಲೂ ಮಡಚಬಾರದು. ಲೋಹದ ಅಂಚು ದಾಟುವ ಕಡೆ ಮೇಲೊಂದು ಕವಚ ತೊಡಿಸಿದೆ.

ಕೂಲರ್ ಬಾಕ್ಸ್‌ನಲ್ಲಿ ಪ್ಲಾಸ್ಟಿಕ್ ಟೈಗಳನ್ನು ಕೊಡುತ್ತಾರೆ. ರೇಡಿಯೇಟರ್ ಮುಂದಿರುವ ಎಸಿ ಕಂಡೆನ್ಸರ್‌ನ ಜಾಲರಿಯೊಳಗೆ ತೂರಿಸಿ ಎಳೆದರೆ ಹತ್ತು ನಿಮಿಷದ ಕೆಲಸ. ದಯವಿಟ್ಟು ಹಾಗೆ ಮಾಡಬೇಡಿ. ಗಾಡಿ ಅಲುಗುತ್ತಾ ಅಲುಗುತ್ತಾ ಅದು ಜಾಲರಿಯನ್ನು ಸವೆಸುತ್ತದೆ, ಕೊನೆಗೆ ತೂತೂ ಆಗಬಹುದು. ನಾನು ಅಲ್ಯುಮಿನಿಯಂ ಪಟ್ಟಿ ಬಗ್ಗಿಸಿ ರೇಡಿಯೇಟರ್ ಮೇಲಿನ ಅಡ್ಡಪಟ್ಟಿಗೂ ಕೆಳಗಿನದಕ್ಕೂ ಬೋಲ್ಟ್ ಮಾಡಿದೆ. ಕೂಲರ್‌ನ ಬಾಯಿಗಳು ಮೇಲ್ಮುಖವಾಗಿರಲಿ. ಕೆಳಮುಖವಾದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಗಾಡಿಗೆ ಹೇಳಿದ ಬಗೆಯ ಆಯಿಲನ್ನೇ ಸ್ವಲ್ಪ ಸ್ವಲ್ಪವಾಗಿ ಸುರಿದು, ಬಿಸಿಯಾದ ಮೇಲೆ ಸಪಾಟು ನೆಲದಲ್ಲಿ ಮಟ್ಟ ನೋಡಿದೆ.

ಅದೇ ಏರು, ಅದೇ ಟ್ರೇಲರ್, ಹೆಚ್ಚುಕಡಿಮೆ ಅಂಥದ್ದೇ ಬಿಸಿಲು. ಈ ಸಲ 99 ದಾಟಲಿಲ್ಲ. ಫೋನ್ ನೋಡಿ ಎಷ್ಟು ಸಂತೋಷವಾಯಿತು ಅಂದರೆ, ಪಕ್ಕದಲ್ಲಿ ಕೂತಿದ್ದ ಹೆಂಡತಿಗೆ ಪ್ರತಿ ತಿರುವಿನಲ್ಲೂ ನಂಬರ್ ಓದಿಸಿದೆ.

ಆಮೇಲೆ ಪವರ್ ಸ್ಟೀರಿಂಗ್‌ಗೂ ಒಂದು ಸಣ್ಣ ಕೂಲರ್ ಹಾಕಿದೆ. ಕ್ಯಾಂಪ್‌ಸೈಟ್‌ನಲ್ಲಿ ಟ್ರೇಲರ್ ರಿವರ್ಸ್ ಹಾಕುವಾಗ ಗಾಡಿ ತೆವಳುತ್ತಿರುತ್ತದೆ, ಗಾಳಿ ಬೀಸುವುದಿಲ್ಲ, ಸ್ಟೀರಿಂಗ್ ಮಾತ್ರ ಕೊನೆಯವರೆಗೂ ತಿರುಗುತ್ತಿರುತ್ತದೆ. ಆಗ ಪಂಪ್ ಗೊರಗೊರ ಅನ್ನುತ್ತಿತ್ತು. ಇಲ್ಲೂ ರಿಟರ್ನ್ ಹೋಸ್‌ಗೇ ಹಾಕಬೇಕು. ಪ್ರೆಶರ್ ಲೈನ್‌ಗೆ ಕೈ ಹಾಕಬೇಡಿ, ಅದರ ಒತ್ತಡ 1,000 ಪಿಎಸ್‌ಐ ದಾಟುತ್ತದೆ. ಎಂಜಿನ್ ಆಯಿಲ್ ಕೂಲರ್ ಮಾತ್ರ ನಾನು ಹಾಕಲಿಲ್ಲ. ನನ್ನ ಭಾರಕ್ಕೆ ಅದು ಬೇಕಿಲ್ಲ. ಬೇಕೇ ಬೇಕು ಅನ್ನುವವರು, ಆಯಿಲ್ ಬಿಸಿಯಾದ ಮೇಲೆ ಮಾತ್ರ ಕೂಲರ್‌ಗೆ ಬಿಡುವ ಥರ್ಮೋಸ್ಟಾಟ್ ಇರುವ ಅಡಾಪ್ಟರ್ ಹಾಕಿ. ಇಲ್ಲದಿದ್ದರೆ ಚಳಿಗಾಲದಲ್ಲಿ ಆಯಿಲ್ ಬಿಸಿಯಾಗುವುದೇ ಇಲ್ಲ.

ಈಗ ಪ್ರತಿ ಬೇಸಿಗೆಗೆ ಮುಂಚೆ ಕೂಲರ್‌ನಲ್ಲಿ ಸಿಕ್ಕಿದ ಹುಳ, ಧೂಳು ತೊಳೆಯುತ್ತೇನೆ. ನೀರಿನ ರಭಸ ಕಮ್ಮಿ ಇರಬೇಕು, ಜೋರಾದರೆ ರೆಕ್ಕೆ ಮಡಚುತ್ತದೆ. ಹೋಸ್ ಬಿಗಿದಿರುವ ಕ್ಲ್ಯಾಂಪ್‌ಗಳ ಕೆಳಗೆ ಬಿಳಿ ಕಾಗದ ಒತ್ತಿ ನೋಡುತ್ತೇನೆ. ಆಯಿಲ್‌ನ ಕೆಂಪು ಕಲೆ ಹತ್ತಿದರೆ ಆ ಕ್ಲ್ಯಾಂಪ್ ಬದಲಾಯಿಸದೆ ಟ್ರೇಲರ್ ಕಟ್ಟುವುದಿಲ್ಲ.