ನಲವತ್ತು ದಾಟಿದ ಮೇಲೆ ಬೈಕ್ ಕಲಿಯುವುದು ಹೇಗೆ?

ಬಳ್ಳಾರಿ ಸುತ್ತಲಿನ ಹಳ್ಳಿ ಶಾಲೆಗಳಿಗೆ ಹೋಗುವ ಮೇಷ್ಟ್ರು, ಟೀಚರ್‌ಗಳು, ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರು, ಮೆಣಸಿನಕಾಯಿ ಹೊಲಕ್ಕೆ ದಿನಾ ಹೋಗಿ ಬರುವ ರೈತರು. ಇವರಲ್ಲಿ ಎಷ್ಟೋ ಜನ ಇನ್ನೂ ಬಸ್ಸಿಗೋ ಆಟೋಕ್ಕೋ ಕಾಯುತ್ತಾರೆ, ಇಲ್ಲವೇ ಮಗನಿಗೆ ಬಿಡುವಾಗಲಿ ಎಂದು ಕೂತಿರುತ್ತಾರೆ. ಮನೆಯಲ್ಲೇ ಗಾಡಿ ಇರುತ್ತದೆ, ಓಡಿಸಲು ಬರುವುದಿಲ್ಲ. ಕಲಿಯಿರಿ ಅಂದರೆ "ಈ ವಯಸ್ಸಿಗೆ ಯಾಕ್ರೀ?" ಅನ್ನುತ್ತಾರೆ.

ನಮ್ಮ ಓಣಿಯಲ್ಲಿ ನಲವತ್ತು, ಐವತ್ತು ದಾಟಿದ ಕೆಲವರಿಗೆ ನಾನು ಬೈಕ್ ಹೇಳಿಕೊಟ್ಟಿದ್ದೇನೆ. ಅವರಿಗೆ ಗಾಡಿ ಓಡಿಸುವ ಭಯ ಅಷ್ಟಿರಲಿಲ್ಲ. ಬೇಕಾದಾಗ ನಿಲ್ಲುತ್ತದೋ ಇಲ್ಲವೋ ಅನ್ನುವ ಭಯ ಇತ್ತು. ಹುಡುಗರು ಮೊದಲು ಓಡಿಸುತ್ತಾರೆ, ನಿಲ್ಲಿಸುವುದನ್ನು ಆಮೇಲೆ ಕಲಿಯುತ್ತಾರೆ. ದೊಡ್ಡವರು ಇದನ್ನು ತಿರುಗಿಸಿಕೊಳ್ಳಬೇಕು. ಮೊದಲು ನಿಲ್ಲಿಸಲು ಕಲಿಯಿರಿ.

ಕಣ್ಣು, ಕಾಲು, ಕಾಗದ

ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಪೇಪರ್ ಓದುವ ಕನ್ನಡಕ ಹಾಕಿಕೊಂಡು ಗಾಡಿ ಓಡಿಸಬೇಡಿ, ದೂರದ್ದು ಮಸುಕಾಗುತ್ತದೆ. ಎದುರಿನ ಲೈಟು ಕಣ್ಣಿಗೆ ಜಾಸ್ತಿ ಚುಚ್ಚಿದರೆ ಪೊರೆ ಶುರುವಾಗಿರಬಹುದು, ಡಾಕ್ಟರಿಗೆ ಹೇಳಿ. ಶುಗರ್ ಇದ್ದು ಪಾದ ಜೋಮು ಹಿಡಿಯುವವರು ಅದನ್ನೂ ಹೇಳಲೇಬೇಕು. ಹಿಂದಿನ ಬ್ರೇಕ್ ಎಷ್ಟು ಒತ್ತಿದ್ದೀರಿ ಅನ್ನುವುದು ಬಲಗಾಲಿನ ಪಾದಕ್ಕೇ ಗೊತ್ತಾಗಬೇಕು.

ಕಾಗದದ ಕೆಲಸ ಕಷ್ಟದ್ದಲ್ಲ. ಸರ್ಕಾರದ ಸಾರಥಿ ವೆಬ್‌ಸೈಟಿನಲ್ಲಿ ಎಲ್‌ಎಲ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಅರ್ಜಿ ಹಾಕಬೇಕು. 40 ದಾಟಿದವರು ಡಾಕ್ಟರ ಸಹಿ ಇರುವ ಫಾರ್ಮ್ 1ಎ ಕೊಡಬೇಕು. ಎಲ್‌ಎಲ್ 6 ತಿಂಗಳು ಚಾಲ್ತಿಯಲ್ಲಿರುತ್ತದೆ. ಸಿಕ್ಕಿ 30 ದಿನ ಆದ ಮೇಲೆ ಡಿಎಲ್ (ಪಕ್ಕಾ ಲೈಸೆನ್ಸ್) ಟೆಸ್ಟ್‌ಗೆ ಹೋಗಬಹುದು. ಕಾರಿನ ಡಿಎಲ್ ಇದ್ದರೂ, ಗೇರ್ ಇಲ್ಲದ ಸ್ಕೂಟರಿನ ಡಿಎಲ್ ಇದ್ದರೂ, ಗೇರ್ ಬೈಕನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಇದನ್ನು ಸುಮ್ನೆ ಬಿಡಬೇಡಿ. ಲೈಸೆನ್ಸ್ ಇಲ್ಲದೆ ಅಪಘಾತವಾದರೆ ವಿಮೆ ಹಣಕ್ಕೆ ತಕರಾರು ಬರುತ್ತದೆ, ಅದು ಮನೆಯವರ ತಲೆ ಮೇಲೆ ಬೀಳುತ್ತದೆ.

ಯಾವ ಗಾಡಿ, ಯಾರ ಹತ್ತಿರ

ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುವ ಗಾಡಿಯಲ್ಲೇ ಕಲಿಯಬೇಕು. ಹೀರೋ ಸ್ಪ್ಲೆಂಡರ್ ಸುಮಾರು 112 ಕೆಜಿ, ಬುಲೆಟ್ 350 ಸುಮಾರು 195 ಕೆಜಿ. ಮನೆಯಲ್ಲಿ ಮಗನ ಬುಲೆಟ್ ಇದೆ ಅಂತ ಅದರಲ್ಲೇ ಶುರು ಮಾಡಬೇಡಿ. ಪಕ್ಕದ ಮನೆಯ ಹಳೆಯ 100 ಸಿಸಿ ಗಾಡಿ ಕೇಳಿ ತನ್ನಿ. ತಂದ ಮೇಲೆ ಗ್ಯಾರೇಜಿನಲ್ಲಿ ಬ್ರೇಕ್, ಕ್ಲಚ್ ವೈರ್, ಟೈರಿನ ಗಾಳಿ ಚೆಕ್ ಮಾಡಿಸಿ. ಕ್ಲಚ್ ವೈರ್ ಬಿಗಿಯಾಗಿದ್ದರೆ ವಯಸ್ಸಾದ ಬೆರಳು ಬೇಗ ಸೋಲುತ್ತವೆ. ಮೆಕ್ಯಾನಿಕ್‌ಗೆ ಹೇಳಿದರೆ ಎಣ್ಣೆ ಬಿಟ್ಟು ಸಡಿಲ ಮಾಡಿಕೊಡುತ್ತಾನೆ.

ಕಲಿಸುವುದು ಗಂಡನೋ ಮಗನೋ ಆಗದಿದ್ದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮನೆಯವರಿಗೆ ನಿಮ್ಮ ಮೇಲೆ ಪ್ರೀತಿ ಜಾಸ್ತಿ, ಅದಕ್ಕೇ ಕೂಗಾಟವೂ ಜಾಸ್ತಿ. ಕೂಗಿದರೆ ಕೈ ಬಿಗಿಯಾಗುತ್ತದೆ, ಕೈ ಬಿಗಿಯಾದರೆ ಎಕ್ಸಲೇಟರ್ ತಿರುಗುತ್ತದೆ. ಮೆಲ್ಲಗೆ ಮಾತಾಡುವ ಗೆಳೆಯರು, ಸಹೋದ್ಯೋಗಿಗಳು, ಡ್ರೈವಿಂಗ್ ಸ್ಕೂಲಿನವರು ಸಿಕ್ಕರೆ ಅವರೇ ಸರಿ. ಅವರ ಹತ್ತಿರ ಡಿಎಲ್ ಇರಬೇಕು. ಎಲ್‌ಎಲ್ ಇರುವಾಗ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಗಾಡಿಗೆ ಮುಂದೆ, ಹಿಂದೆ ಕೆಂಪು ಬಣ್ಣದ ಎಲ್ ಅಕ್ಷರ ಇರಲೇಬೇಕು.

ಹೆಲ್ಮೆಟ್ ಮೊದಲ ದಿನದಿಂದಲೇ ಬೇಕು. ಐಎಸ್‌ಐ ಗುರುತು ನೋಡಿ ತೆಗೆದುಕೊಳ್ಳಿ. ಹಾಕಿಕೊಂಡು ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು, ಬೇರೆಯಾಗಿ ಆಡಬಾರದು. ಚಪ್ಪಲಿ ಬೇಡ, ಗೇರಿನ ಕೆಳಗೆ ಬೆರಳು ಹಾಕುವಾಗ ಜಾರುತ್ತದೆ. ಬೂಟು ಹಾಕಿ. ಸೀರೆ ಉಡುವವರು ಕಲಿಯುವಷ್ಟು ದಿನ ಚೂಡಿದಾರ್ ಹಾಕಿ, ವೇಲ್ ಗಂಟು ಕಟ್ಟಿಕೊಳ್ಳಿ.

ಜಾಗ ಅಂದರೆ ಶಾಲೆ, ಕಾಲೇಜಿನ ಮೈದಾನ. ಕೇಳಿಕೊಂಡೇ ಹೋಗಿ. ಬಳ್ಳಾರಿಯಲ್ಲಿ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಹೆಲ್ಮೆಟ್ ಒಳಗೆ ಬೆವರಿಳಿದು ಕಣ್ಣಿಗೆ ಬಂದರೆ ಏನು ಕಲಿಯುತ್ತೀರಿ? ಬೆಳಗ್ಗೆ ಆರಕ್ಕೆ ಹೋಗಿ ಏಳಕ್ಕೆ ಬನ್ನಿ. ಆ ಹೊತ್ತಿಗೆ ನೋಡುವವರೂ ಕಡಿಮೆ ಇರುತ್ತಾರೆ. ದೊಡ್ಡವರಿಗೆ ಇದು ಸಣ್ಣ ಮಾತಲ್ಲ. ಅಕ್ಟೋಬರ್‌ನಿಂದ ಫೆಬ್ರುವರಿ ನಮ್ಮ ಕಡೆ ಕಲಿಯಲು ಒಳ್ಳೆಯ ಕಾಲ.

ಎಂಜಿನ್ ಚಾಲೂ ಮಾಡುವ ಮುಂಚೆ

ಮೊದಲ ದಿನ ಕೀ ಜೇಬಿನಲ್ಲೇ ಇರಲಿ. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಎಡಗಡೆ ನಿಂತು, ತಳ್ಳಿಕೊಂಡು ಮೈದಾನ ಸುತ್ತಿ. ಬಲಗೈಯ ಹಿಡಿ, ಅಂದರೆ ಮುಂದಿನ ಬ್ರೇಕ್, ಹಿಡಿದು ನಿಲ್ಲಿಸಿ. ಮತ್ತೆ ತಳ್ಳಿ, ಮತ್ತೆ ನಿಲ್ಲಿಸಿ. ಗಾಡಿಯ ಭಾರ ಎಲ್ಲಿದೆ, ಎಷ್ಟು ವಾಲಿದರೆ ನಿಮ್ಮ ಕೈಗೆ ತಡೆಯುವುದಿಲ್ಲ ಅನ್ನುವುದು ಮೈಗೆ ಗೊತ್ತಾಗಲಿ. ಸೈಡ್ ಸ್ಟ್ಯಾಂಡ್ ಹಾಕಿ, ತೆಗೆಯಿರಿ. ಡಬಲ್ ಸ್ಟ್ಯಾಂಡ್ ಹಾಕುವಾಗ ಗಾಡಿಯನ್ನು ಕೈಯಿಂದ ಎತ್ತಲು ಹೋಗಬೇಡಿ. ಸ್ಟ್ಯಾಂಡಿನ ಮೇಲೆ ಬಲಗಾಲಿಟ್ಟು ಮೈಭಾರ ಪೂರ್ತಿ ಬಿಟ್ಟರೆ ಗಾಡಿ ತಾನೇ ಹತ್ತುತ್ತದೆ. ಬೆನ್ನು ನೋವಿರುವವರು ಇದನ್ನು ಸರಿಯಾಗಿ ಕಲಿಯಲೇಬೇಕು.

ಆಮೇಲೆ ಕೂತು, ಹಿಂದಿನಿಂದ ಯಾರಾದರೂ ಮೆಲ್ಲಗೆ ತಳ್ಳಲಿ. ಕಾಲೆತ್ತಿ, ಬ್ರೇಕ್ ಹಿಡಿದು, ಕಾಲಿಡಿ. ಸೈಕಲ್ ಬರುವವರಿಗೆ ಇಷ್ಟರಲ್ಲೇ ಅರ್ಧ ಧೈರ್ಯ ಬಂದುಬಿಡುತ್ತದೆ. ಸೈಕಲ್ಲೂ ಬಾರದವರು ಮೊದಲು ಸೈಕಲ್ ಕಲಿಯಿರಿ. ಅದನ್ನು ದಾಟಿ ಹೋಗುವ ದಾರಿ ಇಲ್ಲ.

ಕ್ಲಚ್: ಇಲ್ಲಿ ಅವಸರ ಬೇಡ

ಎಂಜಿನ್ನಿನ ಶಕ್ತಿ ಹಿಂದಿನ ಗಾಲಿಗೆ ಹೋಗುವುದು ಕ್ಲಚ್ ಮೂಲಕ. ಎಡಗೈಯ ಹಿಡಿ ಒತ್ತಿದಾಗ ಒಳಗಿನ ಪ್ಲೇಟುಗಳು ಬಿಡುತ್ತವೆ, ಎಂಜಿನ್ ತಿರುಗಿದರೂ ಗಾಲಿ ತಿರುಗುವುದಿಲ್ಲ. ಬಿಡುತ್ತಾ ಬಂದಂತೆ ಪ್ಲೇಟುಗಳು ಉಜ್ಜಿಕೊಂಡು ಹಿಡಿಯುತ್ತವೆ. ಈ ನಡುವಿನ ಜಾಗಕ್ಕೇ ಗ್ಯಾರೇಜಿನವರು ಹಾಫ್ ಕ್ಲಚ್ ಅನ್ನುತ್ತಾರೆ. ಹೊಸಬರ ಕಷ್ಟವೆಲ್ಲ ಇಲ್ಲೇ ಇರುವುದು.

ನಮ್ಮ ಓಣಿಯ ಟೈಲರ್ ಅಕ್ಕನಿಗೆ ಹೀಗೆ ಹೇಳಿಕೊಟ್ಟೆ. ಗಾಡಿ ಚಾಲೂ, ಮೊದಲ ಗೇರ್, ಎರಡೂ ಕಾಲು ನೆಲದ ಮೇಲೆ. ಎಕ್ಸಲೇಟರ್ ಮುಟ್ಟುವಂತಿಲ್ಲ. ಕ್ಲಚ್ ಮಾತ್ರ ಕೂದಲೆಳೆಯಷ್ಟು ಬಿಡುತ್ತಾ ಹೋಗಬೇಕು. ಬಿಡುತ್ತಾ ಬಂದಾಗ ಒಂದು ಕಡೆ ಎಂಜಿನ್ ದನಿ ಸ್ವಲ್ಪ ತಗ್ಗಿತು. ಗಾಡಿ ಸಣ್ಣಗೆ ನಡುಗಿ, ಒಂದು ಗೇಣು ಮುಂದೆ ಹೋಯಿತು. "ಅಣ್ಣಾ, ತಾನೇ ಎಳೀತೈತಲ್ಲಾ!" ಅಂದರು. "ಹೂಂ ಅಕ್ಕಾ, ಅಲ್ಲೇ ಹಿಡೀರಿ. ಈಗ ಮತ್ತೆ ಒತ್ತ್ರಿ." ಗಾಡಿ ನಿಂತಿತು. ಒಂದು ಗೇಣು ಹೋಗುವುದು, ನಿಲ್ಲುವುದು. ಅವತ್ತು ಪೂರ್ತಿ ಅಷ್ಟೇ ಮಾಡಿಸಿದೆ. ಜೋಳದ ರೊಟ್ಟಿ ತಟ್ಟುವ ಕೈಗೆ ಹಿಟ್ಟಿನ ಹದ ಗೊತ್ತಾಗುವ ಹಾಗೆ ಇದೂ ಬೆರಳಿಗೇ ಗೊತ್ತಾಗಬೇಕು, ಬಾಯಲ್ಲಿ ಹೇಳಿದರೆ ಬರುವುದಿಲ್ಲ.

ಹೀಗೆ ಮಾಡುವಾಗ ಗಾಡಿ ಜಿಗಿದು ಆಫ್ ಆಗುತ್ತದೆ. ಆಗಲಿ ಬಿಡಿ. ಗಾಬರಿಯಾದಾಗ ಮಾಡುವುದು ಒಂದೇ: ಕ್ಲಚ್ ಪೂರ್ತಿ ಒತ್ತಿ, ಬ್ರೇಕ್ ಹಾಕಿ. ಯೋಚನೆ ಮಾಡದೆ ಕೈ ಇದನ್ನು ಮಾಡುವವರೆಗೆ ಎರಡನೇ ಗೇರಿನ ಮಾತೇ ಬೇಡ.

ಸ್ಕೂಟರಿನಿಂದ ಬೈಕಿಗೆ ಬರುವವರಿಗೆ ಇಲ್ಲೊಂದು ಅಪಾಯವಿದೆ. ಸ್ಕೂಟರಿನಲ್ಲಿ ಎಡಗೈಯ ಹಿಡಿ ಬ್ರೇಕು. ಬೈಕಿನಲ್ಲಿ ಅದೇ ಜಾಗದಲ್ಲಿ ಕ್ಲಚ್ ಇದೆ. ಅಡ್ಡ ನಾಯಿ ಬಂದಾಗ ಹಳೇ ಅಭ್ಯಾಸದಂತೆ ಎಡಗೈ ಒಂದನ್ನೇ ಒತ್ತಿದರೆ ಗಾಡಿ ನಿಲ್ಲುವ ಬದಲು ಹಗುರಾಗಿ ಮುಂದೆ ಉರುಳುತ್ತದೆ. ಅದಕ್ಕೇ ಸ್ಕೂಟರ್ ಬರುವವರು ಬ್ರೇಕಿನ ಅಭ್ಯಾಸವನ್ನು ಬೇರೆಯವರಿಗಿಂತ ಜಾಸ್ತಿ ದಿನ ಮಾಡಬೇಕು.

ಬ್ರೇಕ್: ಎರಡೂ ಒಟ್ಟಿಗೆ

"ಮುಂದಿನ ಬ್ರೇಕ್ ಮುಟ್ಟಬ್ಯಾಡ, ಪಲ್ಟಿ ಹೊಡೀತೀಯ" ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಈ ಮಾತು ತಪ್ಪು. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಿನ ಗಾಲಿಗೆ ಬರುತ್ತದೆ, ಹಿಂದಿನ ಗಾಲಿ ಹಗುರಾಗುತ್ತದೆ. ಹಾಗಾಗಿ ಗಾಡಿಯನ್ನು ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಮುಂದಿನ ಬ್ರೇಕಿಗೇ. ಹಿಂದಿನದೊಂದನ್ನೇ ತುಳಿದರೆ ಗಾಲಿ ಜಾರಿ ಗಾಡಿ ಅಡ್ಡ ತಿರುಗುತ್ತದೆ, ನಿಲ್ಲಲು ದೂರವೂ ಜಾಸ್ತಿ ಬೇಕು. ಪಲ್ಟಿ ಆಗುವುದು ಮುಂದಿನದನ್ನು ಒಮ್ಮೆಲೇ ಜಗ್ಗಿದಾಗ, ತಿರುವಿನಲ್ಲಿ ಹಿಡಿದಾಗ, ಮರಳಿನ ಮೇಲೆ ಹಿಡಿದಾಗ. ನೇರವಾಗಿ ಹೋಗುವಾಗ ಎರಡನ್ನೂ ಒಟ್ಟಿಗೆ, ಒದ್ದೆ ಬಟ್ಟೆ ಹಿಂಡುವಷ್ಟು ನಿಧಾನವಾಗಿ ಬಿಗಿ ಮಾಡುತ್ತಾ ಹೋಗಿ.

ಮೈದಾನದಲ್ಲಿ ಒಂದು ಇಟ್ಟಿಗೆ ಇಡಿ. 20 ಕಿ.ಮೀ. ವೇಗದಲ್ಲಿ ಬಂದು ಇಟ್ಟಿಗೆ ಪಕ್ಕಕ್ಕೆ ಬಂದಾಗ ಬ್ರೇಕ್ ಹಾಕಿ. ಎಲ್ಲಿ ನಿಂತಿರೋ ಅಲ್ಲಿಗೆ ಹೆಜ್ಜೆ ಎಣಿಸಿ. ಆಮೇಲೆ 30ಕ್ಕೆ, 40ಕ್ಕೆ ಮಾಡಿ ನೋಡಿ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ಓಡುವ ದೂರ ನಾಲ್ಕು ಪಟ್ಟಾಗುತ್ತದೆ. 40ರಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗಿರುತ್ತದೆ. ಲೆಕ್ಕ ಕೇಳಿದರೆ ಮರೆಯುತ್ತೇವೆ, ಹೆಜ್ಜೆ ಎಣಿಸಿದವರು ಮರೆಯುವುದಿಲ್ಲ.

2019ರಿಂದ ಬಂದ ಗಾಡಿಗಳಲ್ಲಿ 125 ಸಿಸಿವರೆಗಿನವಕ್ಕೆ ಸಾಮಾನ್ಯವಾಗಿ ಕಾಂಬಿ ಬ್ರೇಕ್ ಇದೆ, ಹಿಂದಿನದನ್ನು ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ಗಾಡಿಗಳಿಗೆ ಗಾಲಿ ಜಾಮ್ ಆಗದಂತೆ ತಡೆಯುವ ಎಬಿಎಸ್ ಇದೆ. ಹಳೆಯ ಗಾಡಿಗಳಲ್ಲಿ ಇವೆರಡೂ ಇರುವುದಿಲ್ಲ.

ಗೇರ್, ಎಂಟು, ಟೆಸ್ಟ್

ಗೇರ್ ಬಗ್ಗೆ ಜನ ಹೆದರುವಷ್ಟು ಏನೂ ಇಲ್ಲ. ಸ್ಪ್ಲೆಂಡರ್‌ನಂಥ ಗಾಡಿಯಲ್ಲಿ ನಾಲ್ಕೂ ಗೇರ್ ಎಡಗಾಲಿನ ಬೆರಳಿನಿಂದ ಮುಂದೆ ಒತ್ತುವುದು, ಹಿಮ್ಮಡಿಯಿಂದ ಇಳಿಸುವುದು. ಇನ್ನು ಕೆಲವದರಲ್ಲಿ ಒಂದು ಕೆಳಗೆ, ಉಳಿದವು ಮೇಲೆ. ನಿಮ್ಮ ಗಾಡಿಯದ್ದು ಯಾವುದು ಅಂತ ತಿಳಿದುಕೊಂಡರೆ ಸಾಕು. ಎಂಜಿನ್ ಒದ್ದಾಡಿದರೆ ಗೇರ್ ಇಳಿಸಿ, ಕಿರುಚಿದರೆ ಏರಿಸಿ.

ಟೆಸ್ಟಿನಲ್ಲಿ ಎಂಟು ಹಾಕಿಸುತ್ತಾರೆ, ಅಂದರೆ 8 ಅಂಕಿಯ ಆಕಾರದಲ್ಲಿ ಗಾಡಿ ಓಡಿಸಬೇಕು. ಕಾಲು ಕೆಳಗಿಡುವಂತಿಲ್ಲ. ಮೊದಲ ಗೇರ್, ಹಾಫ್ ಕ್ಲಚ್, ಹಿಂದಿನ ಬ್ರೇಕ್ ಮೇಲೆ ಸಣ್ಣಗೆ ಕಾಲು. ಮುಂದಿನ ಬ್ರೇಕ್ ಮಾತ್ರ ಇಲ್ಲಿ ಬೇಡ. ಮುಂದಿನ ಗಾಲಿ ನೋಡಬೇಡಿ, ಎಲ್ಲಿಗೆ ತಿರುಗಬೇಕೋ ಅಲ್ಲಿಗೆ ಕತ್ತು ಪೂರ್ತಿ ತಿರುಗಿಸಿ. ಗಾಡಿ ಕಣ್ಣು ಹೋದ ಕಡೆಗೇ ಹೋಗುತ್ತದೆ. ವಯಸ್ಸಾದವರ ಕತ್ತು ಬಿಗಿ ಇರುತ್ತದೆ, ಅಲ್ವಾ? ಅರ್ಧ ತಿರುಗಿಸಿ ಬಿಡುತ್ತಾರೆ, ಗೆರೆ ದಾಟುತ್ತಾರೆ. ದಿನಾ ಬೆಳಗ್ಗೆ ಭುಜ, ಕತ್ತು ಸಡಿಲ ಮಾಡಿಕೊಂಡೇ ಗಾಡಿ ಹತ್ತಿ.

ಮೈದಾನದಿಂದ ರಸ್ತೆಗೆ

ಮೊದಲು ಓಣಿ. ಆಮೇಲೆ ಸಂಗನಕಲ್ಲು ಕಡೆಯಂಥ ಊರ ಹೊರಗಿನ ರಸ್ತೆ, ಅದೂ ಬೆಳಗ್ಗೆ. ಮೋತಿ ಸರ್ಕಲ್, ಬೆಂಗಳೂರು ರಸ್ತೆ, ಕೌಲ್ ಬಜಾರ್ ಕೊನೆಗಿರಲಿ. ತೋರಣಗಲ್ಲು, ಸಂಡೂರು ಕಡೆಯ ಅದಿರು ಲಾರಿಗಳ ರಸ್ತೆಗೆ ಕೈ ಪೂರ್ತಿ ಕೂರುವವರೆಗೆ ಹೋಗಲೇಬೇಡಿ. ಲಾರಿ ದಾಟಿ ಹೋದ ಕ್ಷಣ ಗಾಳಿ ಎಳೆಯುತ್ತದೆ, ಧೂಳಿನಲ್ಲಿ ಎದುರಿಗೆ ಏನೂ ಕಾಣುವುದಿಲ್ಲ. ಆಷಾಢದಲ್ಲಿ ಬಯಲಿನ ಅಡ್ಡಗಾಳಿಯೂ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ವೇಗ ಇಳಿಸಿ, ಹ್ಯಾಂಡಲ್ ಸಡಿಲವಾಗಿ ಹಿಡಿಯಿರಿ, ರಸ್ತೆಯ ಅಂಚಿಗೆ ಅಂಟಿಕೊಂಡು ಹೋಗಬೇಡಿ.

ರಸ್ತೆ ಮೇಲೆ ಒಕ್ಕಣೆಗೆ ಹರಡಿದ ದಂಟು, ಒಣಹಾಕಿದ ಭತ್ತ ಸಿಕ್ಕರೆ ಅದರ ಮೇಲೆ ಬ್ರೇಕೂ ಇಲ್ಲ, ತಿರುಗುವುದೂ ಇಲ್ಲ. ಮುಂಚೆಯೇ ನಿಧಾನಿಸಿ ನೇರವಾಗಿ ದಾಟಿ. ಕುರಿ ಹಿಂಡು ಬಂದರೆ ನಿಂತುಬಿಡಿ. ಹಾರನ್ ಹೊಡೆದರೆ ಚದುರುತ್ತವೆ, ನಿಮ್ಮ ಗಾಲಿಗೇ ಬರುತ್ತವೆ.

ಮಳೆಗಾಲದ ಎರೆ ಮಣ್ಣಿಗೆ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ. ಹೊಲದ ದಾರಿಯಲ್ಲಿ ನಾಲ್ಕು ಮಾರು ಹೋಗುವಷ್ಟರಲ್ಲಿ ಮಣ್ಣು ಟೈರಿಗೆ ಸುತ್ತಿಕೊಂಡು ಮಡ್‌ಗಾರ್ಡಿನ ಒಳಗೆ ಗಟ್ಟಿಯಾಗಿ ತುಂಬುತ್ತದೆ, ಗಾಲಿ ತಿರುಗುವುದೇ ನಿಂತುಹೋಗುತ್ತದೆ. ಎಕ್ಸಲೇಟರ್ ಕೊಟ್ಟಷ್ಟೂ ಕ್ಲಚ್ ಪ್ಲೇಟ್ ಸುಡುತ್ತದೆ. ಎಂಜಿನ್ ಆಫ್ ಮಾಡಿ, ಇಳಿದು, ಕಟ್ಟಿಗೆಯಿಂದ ಮಣ್ಣು ಕೆದರಿ ತೆಗೆಯಿರಿ. ಇನ್ನೂ ಒಳ್ಳೆಯದೆಂದರೆ ಡಾಂಬರು ಮುಗಿಯುವ ಕಡೆ ಗಾಡಿ ನಿಲ್ಲಿಸಿ ಹೊಲಕ್ಕೆ ನಡೆದುಹೋಗುವುದು.

ಹಿಂದೆ ಕೂರಿಸುವುದು

ಡಿಎಲ್ ಬಂದ ದಿನವೇ ಮೊಮ್ಮಗನನ್ನು ಕೂರಿಸಿಕೊಂಡು ದುರ್ಗಮ್ಮನ ಗುಡಿಗೆ ಹೋಗುವ ಆಸೆ ಇರುತ್ತದೆ. ಸ್ವಲ್ಪ ತಡೆಯಿರಿ. ಹಿಂದೆ ಒಬ್ಬರು ಕೂತರೆ ಗಾಡಿ ಹೊರಡುವುದು, ನಿಲ್ಲುವುದು, ತಿರುಗುವುದು ಎಲ್ಲವೂ ಬೇರೆಯಾಗುತ್ತದೆ. ಮೊದಲು ಬೈಕ್ ಬರುವ ಒಬ್ಬ ದೊಡ್ಡವರನ್ನು ಕೂರಿಸಿಕೊಂಡು ಅದೇ ಮೈದಾನಕ್ಕೆ ಹೋಗಿ, ಅದೇ ಇಟ್ಟಿಗೆ ಇಟ್ಟು ಬ್ರೇಕ್ ಹಾಕಿ, ಮತ್ತೆ ಹೆಜ್ಜೆ ಎಣಿಸಿ. ಹಿಂದಿನ ಟೈರಿಗೆ ಇಬ್ಬರಿದ್ದಾಗ ಎಷ್ಟು ಗಾಳಿ ಬೇಕು ಅಂತ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತಾರೆ, ಅಷ್ಟು ಹಾಕಿಸಿ. ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ನೀವು ಎರಡೂ ಕಾಲು ಊರಿ "ಹೂಂ" ಅಂದ ಮೇಲಷ್ಟೇ ಅವರು ಹತ್ತಲಿ, ಇಳಿಯುವಾಗಲೂ ಹಾಗೇ ಇಳಿಯಲಿ.