ನನ್ನ ಎಕ್ಸ್‌ಟೆನ್ಶನ್‌ಗೆ ಲೈಸೆನ್ಸ್ ಆರಿಸಿದ ಬಗೆ

ವೆಬ್ ಪುಟದ ಗದ್ದಲವನ್ನೆಲ್ಲ ಸರಿಸಿ, ಬರಹವನ್ನಷ್ಟೇ ದೊಡ್ಡ ಅಕ್ಷರದಲ್ಲಿ ತೋರಿಸುವ ಬ್ರೌಸರ್ ಎಕ್ಸ್‌ಟೆನ್ಶನ್ ಒಂದನ್ನು ಮಾಡಿ, ಕೋಡನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದೆ. ಅದನ್ನು ಯಾರು ಹೇಗೆ ಬಳಸಬಹುದು ಎಂದು ಹೇಳುವ ಲೈಸೆನ್ಸ್ ಫೈಲ್ ಇರಲಿಲ್ಲ. ಕೋಡ್ ಬಯಲಲ್ಲೇ ಇದೆಯಲ್ಲ, ಬೇಕಾದವರು ಬಳಸಿಕೊಳ್ಳಲಿ ಅಂದುಕೊಂಡಿದ್ದೆ. ಒಬ್ಬ ಡೆವಲಪರ್ ಮೇಲ್ ಮಾಡಿ, 'ನಮ್ಮ ಆ್ಯಪ್‌ನಲ್ಲಿ ಇದನ್ನು ಸೇರಿಸಿಕೊಳ್ಳಬಹುದೇ? ಲೈಸೆನ್ಸ್ ಕಾಣಲಿಲ್ಲ' ಎಂದು ಕೇಳಿದಾಗ ತಪ್ಪು ಗೊತ್ತಾಯಿತು. ಲೈಸೆನ್ಸ್ ಇಲ್ಲದ ಕೋಡ್ ಎಲ್ಲರ ಸ್ವತ್ತಲ್ಲ. ಹಕ್ಕುಗಳೆಲ್ಲ ಬರೆದವರ ಬಳಿಯೇ ಉಳಿಯುತ್ತವೆ. ಉಳಿದವರು ನೋಡಬಹುದು, ನಕಲು ಮಾಡಿ ಹಂಚುವಂತಿಲ್ಲ.

ಹೆಚ್ಚುಕಡಿಮೆ ಹೇಗೆ ಬೇಕಾದರೂ ಬಳಸಲು ಬಿಡುವ ಎಂಐಟಿ ಲೈಸೆನ್ಸ್ ಹಾಕಿಬಿಡೋಣ ಅನ್ನಿಸಿತು. ಪುಟ್ಟ ಪಠ್ಯ, ಒಂದೇ ಓದಿಗೆ ಅರ್ಥವಾಗುತ್ತದೆ. ಆದರೆ ನನ್ನ ಎಕ್ಸ್‌ಟೆನ್ಶನ್, ಬಳಸುವವರು ತೆರೆಯುವ ಪ್ರತಿ ಪುಟವನ್ನೂ ಓದುವ, ತಿದ್ದುವ ಅನುಮತಿ ಕೇಳುತ್ತದೆ. ಎಂಐಟಿ ಇದ್ದರೆ ಯಾರು ಬೇಕಾದರೂ ಅದಕ್ಕೆ ಓದುಗರ ಜಾಡು ಹಿಡಿಯುವ ನಾಲ್ಕು ಸಾಲು ಸೇರಿಸಿ, ಮೂಲ ಕೋಡನ್ನು ಮುಚ್ಚಿಟ್ಟು ಹಂಚಬಹುದು. ಯಾವ ಓಪನ್ ಸೋರ್ಸ್ ಲೈಸೆನ್ಸೂ ಆ ಸಾಲುಗಳನ್ನು ಸೇರಿಸದಂತೆ ತಡೆಯುವುದಿಲ್ಲ. ಆದರೆ ಜಿಪಿಎಲ್ ಎಂಬ ಲೈಸೆನ್ಸ್, ಹಂಚುವುದಾದರೆ ಮೂಲವನ್ನೂ ಕೊಡು ಎನ್ನುತ್ತದೆ. ನನಗೆ ಬೇಕಾಗಿದ್ದದ್ದು ಅಷ್ಟೇ.

2012ರ ಮೊಜಿಲ್ಲಾ ಪಬ್ಲಿಕ್ ಲೈಸೆನ್ಸ್ 2.0 ಕೂಡ ಮನಸ್ಸಿಗೆ ಹಿಡಿಸಿತ್ತು. ಅದರ ಕಟ್ಟು ಫೈಲ್ ಲೆಕ್ಕದ್ದು: ನನ್ನ ಫೈಲನ್ನು ತಿದ್ದಿದರೆ ತಿದ್ದುಪಡಿಯನ್ನು ತೆರೆದಿಡಬೇಕು, ಪಕ್ಕದಲ್ಲಿ ಇಟ್ಟ ಹೊಸ ಫೈಲನ್ನು ಮುಚ್ಚಿಟ್ಟುಕೊಳ್ಳಬಹುದು. ಜಾಡು ಹಿಡಿಯುವ ಕೋಡ್ ಹಾಗೆ ಹೊಸ ಫೈಲಾಗಿಯೇ ಬರಬಹುದಲ್ಲ! ಹಾಗಾಗಿ ಅದನ್ನು ಕೈಬಿಟ್ಟೆ. ಜಿಪಿಎಲ್ ಬಳಗದ್ದೇ ಆದ ಎಜಿಪಿಎಲ್‌ನ ಹೆಚ್ಚಿನ ಷರತ್ತು ನೆಟ್‌ವರ್ಕ್ ಮೂಲಕ ಬಳಸುವ ತಂತ್ರಾಂಶಕ್ಕೆ ಸಂಬಂಧಿಸಿದ್ದು. ನನ್ನಲ್ಲಿ ಸರ್ವರ್ ಇಲ್ಲ, ಅದು ಬೇಕಿರಲಿಲ್ಲ.

ಆಮೇಲೆ ನಾನು ಬಳಸಿದ ಲೈಬ್ರರಿಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು ನೋಡಿದೆ. ಈ ಕೆಲಸವನ್ನು ಮೊದಲೇ ಮಾಡಬೇಕಿತ್ತು. ಫೈರ್‌ಫಾಕ್ಸ್‌ನ ರೀಡರ್ ವ್ಯೂ ಹಿಂದಿರುವ ರೀಡಬಿಲಿಟಿ ಲೈಬ್ರರಿಗೆ ಅಪಾಚೆ 2.0 ಲೈಸೆನ್ಸ್ ಇದೆ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ (ಜಿಪಿಎಲ್ ರೂಪಿಸಿದ ಸಂಸ್ಥೆ) ಪ್ರಕಾರ ಅಪಾಚೆ 2.0 ಕೋಡನ್ನು ಜಿಪಿಎಲ್ 3ರ ಜೊತೆ ಸೇರಿಸಬಹುದು, ಜಿಪಿಎಲ್ 2ರ ಜೊತೆ ಸೇರಿಸುವಂತಿಲ್ಲ. ಆವೃತ್ತಿಯ ಅಂಕಿ ಇಷ್ಟು ಮುಖ್ಯ ಎಂದು ನನಗೆ ಗೊತ್ತಿರಲಿಲ್ಲ. 'ಜಿಪಿಎಲ್ 3 ಅಥವಾ ಮುಂದಿನ ಆವೃತ್ತಿ' ಎಂದು ಬರೆದೆ.

ತುಂಬ ಹೊತ್ತು ಹಿಡಿದದ್ದು ಮನುಷ್ಯರ ವಿಷಯ. ಮೂವರು ಅದುವರೆಗೆ ಪ್ಯಾಚ್, ಅಂದರೆ ಕೋಡಿಗೆ ತಿದ್ದುಪಡಿ ಕಳಿಸಿದ್ದರು, ಆ ಸಾಲುಗಳ ಹಕ್ಕು ಅವರದು. ಮೂವರಿಗೂ ಬರೆದು ಒಪ್ಪಿಗೆ ಕೇಳಿದೆ. ಇಬ್ಬರು ಅಂದೇ ಒಪ್ಪಿದರು. ಮೂರನೆಯವರಿಂದ ಒಂದು ತಿಂಗಳಾದರೂ ಉತ್ತರ ಬರಲಿಲ್ಲ. ಅವರ ಕೋಡ್ ತೆಗೆದುಹಾಕಿ, ಅದನ್ನು ಮತ್ತೆ ನೋಡದೆ, ಆ ಭಾಗವನ್ನು ಬೇರೆ ರೀತಿಯಲ್ಲಿ ಹೊಸದಾಗಿ ಬರೆದೆ. ಅವರದು ನನ್ನದಕ್ಕಿಂತ ಚೆನ್ನಾಗಿತ್ತು. ಮೊದಲ ದಿನವೇ ಲೈಸೆನ್ಸ್ ಇಟ್ಟಿದ್ದರೆ ಅದು ಇವತ್ತಿಗೂ ಉಳಿದಿರುತ್ತಿತ್ತು.

ಪ್ಯಾಕೇಜ್ ಕಟ್ಟುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಗಾತ್ರ ಕುಗ್ಗಿಸಲು ಕೋಡನ್ನು ಮಿನಿಫೈ ಮಾಡುವಾಗ ಕಾಮೆಂಟ್‌ಗಳ ಜೊತೆ ಲೈಬ್ರರಿಗಳ ಹಕ್ಕುಸ್ವಾಮ್ಯದ ಸಾಲುಗಳೂ ಅಳಿಸಿಹೋಗಿದ್ದವು. ಈಗ ಎಲ್ಲ ಲೈಸೆನ್ಸ್ ಪಠ್ಯಗಳೂ ಒಂದು ಫೈಲಿನಲ್ಲಿ ಎಕ್ಸ್‌ಟೆನ್ಶನ್ ಒಳಗೇ ಹೋಗುತ್ತವೆ, ಸೆಟ್ಟಿಂಗ್ಸ್ ಪುಟದಲ್ಲಿ ಅದರ ಕೊಂಡಿ ಇದೆ. ಮಿನಿಫೈ ಆದ ಕೋಡನ್ನು ಜಿಪಿಎಲ್ ಮೂಲವೆಂದು ಒಪ್ಪುವುದಿಲ್ಲ. ಆದ್ದರಿಂದ ಪ್ರತಿ ಬಿಡುಗಡೆಯ ಮೂಲವನ್ನೂ ಅದರಿಂದ ಪ್ಯಾಕೇಜ್ ಕಟ್ಟುವ (ಬಿಲ್ಡ್) ಕ್ರಮವನ್ನೂ ಒಟ್ಟಿಗೆ ಇಡುತ್ತೇನೆ. ತಿದ್ದಿದ ಪ್ರತಿಗೆ ಬೇರೆ ಹೆಸರಿಡಿ ಎಂದು ಕೋಡಿನ ಜೊತೆಗಿರುವ ಪರಿಚಯದ ಫೈಲಾದ ರೀಡ್‌ಮಿಯಲ್ಲಿ ಕೇಳಿಕೊಂಡಿದ್ದೇನೆ.

ಮೇಲ್ ಮಾಡಿದ ಡೆವಲಪರ್‌ಗೆ ಜಿಪಿಎಲ್ ಹೊಂದುವಂತಿರಲಿಲ್ಲ, ಅವರ ಆ್ಯಪ್ ಮುಚ್ಚಿದ ಕೋಡಿನದು. ವಿಚಾರಿಸಿದರೆ, ಅವರಿಗೆ ಬೇಕಾಗಿದ್ದದ್ದು ಅಕ್ಷರದ ಗಾತ್ರ, ಸಾಲಿನ ಅಂತರ ಹೊಂದಿಸುವ ಚಿಕ್ಕ ಭಾಗ ಮಾತ್ರ. ಅದರ ಪ್ರತಿ ಸಾಲೂ ನಾನೇ ಬರೆದದ್ದು. ಅದನ್ನು ಬೇರ್ಪಡಿಸಿ, ಎಂಐಟಿ ಹಾಕಿ ಕೊಟ್ಟೆ.