ಇಂಗ್ಲೆಂಡಿನಲ್ಲಿ ‘ಅಬ್ಯೂಸ್’ ಅಂತ ಬರೆಯುವ ಮುಂಚೆ

ಇಂಗ್ಲೆಂಡಿನಿಂದ ರಜೆಗೆ ದಾವಣಗೆರೆಗೆ ಬಂದಿದ್ದೆ. ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಪಕ್ಕದ ಬೀದಿಯ ಹುಡುಗ ಬಂದ. ಸೆಪ್ಟೆಂಬರಿಗೆ ಓದಲು ಇಂಗ್ಲೆಂಡಿಗೆ ಹೊರಟವನು. ಅವನ ಅಕ್ಕ ಆಗಲೇ ಲೀಡ್ಸ್‌ನಲ್ಲಿದ್ದಾಳೆ. ಅವಳ ಬಾತ್‌ರೂಮ್ ಛಾವಣಿ ಸೋರುತ್ತಿದೆ. ಮನೆ ಏಜೆಂಟಿನ ಆಫೀಸಿಗೆ ಕಳಿಸಲು ಅವಳು ಬರೆದ ಇಮೇಲ್ ತೋರಿಸಿದ. ‘ಹಿ ಅಬ್ಯೂಸ್ಡ್ ಮಿ ಆನ್ ದ ಫೋನ್.’ ಎದೆ ಧಸಕ್ ಎಂದಿತು. ಆರು ವರ್ಷದ ಹಿಂದೆ ನಾನು ಬರೆದದ್ದೂ ಇದೇ ಸಾಲು.

ನಮ್ಮಲ್ಲಿ ಅಬ್ಯೂಸ್ ಅಂದರೆ ಬೈಯೋದು. ಅಲ್ಲಿ ಬರೀ ‘ಅಬ್ಯೂಸ್ಡ್ ಮಿ’ ಅಂದರೆ ಹಿಂಸೆ ಕೊಟ್ಟ, ಮೈ ಮುಟ್ಟಿದ, ಇನ್ನೇನೋ ಮಾಡಿದ ಅಂತ ಓದುವವರು ಗಾಬರಿಯಾಗುತ್ತಾರೆ. ನನ್ನ ಏಜೆಂಟ್ ಮಾಡಿದ್ದಿಷ್ಟೇ. ಜನವರಿಯಲ್ಲಿ, ಮನೆ ಬೆಚ್ಚಗಿಡುವ ಬಾಯ್ಲರ್ ಕೆಟ್ಟಿದೆ ಅಂದರೆ ‘ನೋಟೆಡ್’ ಅಂದು ಫೋನ್ ಇಟ್ಟುಬಿಟ್ಟ. ಅದಕ್ಕೆ ಅಲ್ಲಿನ ಮಾತು ‘ಕರ್ಟ್’. ನನ್ನ ಇಮೇಲ್ ಹೋಗಿದ್ದೇ ತಡ, ಬಾಯ್ಲರ್ ಮಾತೇ ನಿಂತಿತು. ಯಾವ ಪದ ಬಳಸಿದ, ಎಷ್ಟು ಗಂಟೆಗೆ, ಕೇಳಿದವರು ಯಾರು ಅಂತ ಇಮೇಲ್ ಮೇಲೆ ಇಮೇಲ್. ಹೀಗೇ ಮೂರು ವಾರ. ಎರಡು ಎಲೆಕ್ಟ್ರಿಕ್ ಹೀಟರ್ ಕೊಂಡೆ, ಕರೆಂಟ್ ಬಿಲ್ ಬೇರೆ. ಬೆಳಿಗ್ಗೆ ಎದ್ದರೆ ಕಿಟಕಿ ಗಾಜಿನ ಒಳಮೈಯಲ್ಲಿ ನೀರು ಇಳಿಯುತ್ತಿತ್ತು. ಮಗಳು ಎರಡು ಸ್ವೆಟರ್ ಹಾಕಿಕೊಂಡು ಹಾಸಿಗೆಯಲ್ಲೇ ಹಾಲು ಕುಡಿಯುತ್ತಿದ್ದಳು. ಕೊನೆಗೆ, ಅವನು ಬೈದಿಲ್ಲ ಅಂತ ಬರೆದುಕೊಟ್ಟೆ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆ್ಯಕ್ಟ್ ಪ್ರಕಾರ ಹೀಟಿಂಗ್ ರಿಪೇರಿ ಮಾಲೀಕರ ಹೊಣೆ ಅಂತಲೂ ಸೇರಿಸಿದೆ. ಆಮೇಲೆ ಗ್ಯಾಸ್ ಎಂಜಿನಿಯರ್ ಬಂದ.

ನಿಜವಾಗಿ ಬೈದಿದ್ದರೆ ‘ಹಿ ಸ್ವೋರ್ ಅಟ್ ಮಿ’ ಅನ್ನಿ, ಆಡಿದ ಮಾತನ್ನೇ ಹಾಕಿ. ಕಡ್ಡಿ ಮುರಿದ ಹಾಗೆ ಹೇಳಿದರೆ ‘ಬ್ಲಂಟ್’, ಅದು ದೂರೇ ಅಲ್ಲ. ‘ರೂಡ್’ಗೆ ಇನ್ನೊಂದು ಅರ್ಥವಿದೆ. ‘ರೂಡ್ ಜೋಕ್’ ಅಂದರೆ ಪೋಲಿ ಜೋಕ್. ಮಗ ‘ರೂಡ್ ವರ್ಡ್’ ಹೇಳಿದ ಅಂತ ಟೀಚರ್ ಅಂದರೆ ಎದುರುತ್ತರ ಕೊಟ್ಟ ಅಂತಲ್ಲ, ಕೆಟ್ಟ ಪದ ಆಡಿದ ಅಂತ. ‘ಚೀಕಿ’ ಅಂದರೆ ನಮ್ಮ ತರಲೆ. ಸಾಮಾನ್ಯವಾಗಿ ನಗುತ್ತಲೇ ಹೇಳುತ್ತಾರೆ. ಮನೆಗೆ ಬಂದು ಮಗುವನ್ನು ಸುಮ್ನೆ ಗದರಬೇಡಿ.

ಮಂಡಿಪೇಟೆಯಲ್ಲಿ ‘ಏನಲೇ’ ಅಂತ ಜಗಳ ಆಡಿ, ಚಹಾ ಕುಡಿದು ಮುಗಿಸುತ್ತೇವೆ. ಸ್ನೇಹಕ್ಕೆ ನಮ್ಮದೇ ಚೆಂದ. ಆದರೆ ದೂರು ಕೊಡುವಾಗ ಅವರ ಪದ್ಧತಿಯೇ ಮೇಲು. ಬರೆದ ಪದವನ್ನು ನಂಬಿ ವಿಚಾರಣೆ ಮಾಡುತ್ತಾರೆ. ನಮ್ಮ ತಪ್ಪು ಪದದಿಂದ ಯಾರದೋ ಕೆಲಸವೇ ಹೋಗಬಹುದು, ಅಲ್ವಾ?

ಹುಡುಗನ ಕೈಲಿ ಅಕ್ಕನಿಗೆ ಫೋನ್ ಮಾಡಿಸಿ ಆ ಸಾಲು ತೆಗೆಸಿದೆ. ‘ಹಿ ವಾಸ್ ಕರ್ಟ್ ವಿತ್ ಮಿ.’ ಕೆಳಗೆ ಫೋನ್ ಮಾಡಿದ ದಿನ, ಸಮಯ, ಛಾವಣಿಯ ಎರಡು ಫೋಟೋ. ಅಷ್ಟನ್ನೇ ಕಳಿಸಿದಳು.